ಪ್ರಾರ್ಥನೆಯ ಚೀಟಿ

ಮಾರ್ಲಾಗೆ ಮಾತಾಡಲು ಎರಡು ನಿಮಿಷ ಕೊಟ್ಟಿದ್ದರು. ಶಾಸನಸಭೆಯ ಸಮಿತಿ ಮೊದಲು ಹೈಸ್ಕೂಲಿನ ಸಾಫ್ಟ್‌ಬಾಲ್ ಹುಡುಗಿಯರನ್ನು ಸನ್ಮಾನಿಸಿ ಫೋಟೊ ತೆಗೆಸಿಕೊಂಡಿತು. ಅವಳ ಪಾಲಿಗೆ ಒಂದೇ ನಿಮಿಷ ಉಳಿಯಿತು.

ಅಧ್ಯಕ್ಷರ ಕುರ್ಚಿಯಲ್ಲಿ ಹಾಲ್ಕೊಂಬ್ ಇದ್ದುದೇ ಅವಳಿಗೆ ಧೈರ್ಯ. ಊರಿನ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಅವಳಿಗೆ ಬೈಬಲ್ ಕಲಿಸಿದವರು. ಇಪ್ಪತ್ತೆರಡು ವಾರದ ಬಸಿರಿನ ಮೇಲೆ ಕೈಯಿಟ್ಟು ಹೇಳಿದಳು:

"ನನ್ನ ಮಗೂಗೆ ತಲೆಬುರುಡೆ ಬೆಳೆದಿಲ್ಲ. ಹುಟ್ಟಿದ್ರೂ ಗಂಟೆಯೊಳಗೆ ಹೋಗುತ್ತೆ. ಈಗಿನ ಕಾನೂನಲ್ಲಿ ನಾನು ಸಾಯೋ ಹಾಗಾದ್ರೆ ಮಾತ್ರ ಗರ್ಭ ತೆಗೀಬಹುದು. ನನ್ನಂಥವರಿಗೂ ವಿನಾಯಿತಿ ಕೊಡಿ."

ಬೇರೆ ರಾಜ್ಯಕ್ಕೆ ಹೋಗಲು ಗಂಡ ಡ್ವೇನ್ ಒಪ್ಪಿರಲಿಲ್ಲ. "ಕಳ್ಳರ ಹಾಗೆ ಗಡಿ ದಾಟೋದಿಲ್ಲ. ಇಲ್ಲೇ ಕಾನೂನು ಬಂದ್ರೆ ನೋಡೋಣ," ಎಂದಿದ್ದ.

ಸಮಯ ಮುಗಿದ ಕೆಂಪು ದೀಪ ಹತ್ತಿತು. ಹಾಲ್ಕೊಂಬ್ ಜೇಬಿನಿಂದ ಹಳದಿ ಚೀಟಿಯೊಂದನ್ನು ತೆಗೆದರು.

"ಮಗಳೇ, ಇದು ನಿನ್ನ ಕೈಬರಹ ತಾನೆ?"

ಮೊದಲ ಸ್ಕ್ಯಾನಿನ ದಿನ ಚರ್ಚಿನ ಪ್ರಾರ್ಥನೆಯ ಪೆಟ್ಟಿಗೆಗೆ ಅವಳು ಹಾಕಿದ ಚೀಟಿ. ಮಂಡಿನೋವಿನಿಂದ ಹಿಡಿದು ಕಳೆದುಹೋದ ನಾಯಿಯವರೆಗೆ ಊರಿನ ಸಂಕಟವೆಲ್ಲ ಆ ಪೆಟ್ಟಿಗೆಗೇ ಬೀಳುತ್ತಿತ್ತು.

"ಹೌದು ಸರ್."

"ಓದ್ತೀಯಾ?"

"ಬೇಡ ಸರ್."

"ನಾಚ್ಕೋಬೇಡ, ನಾನೇ ಓದ್ತೀನಿ. 'ದೇವರೇ, ಮಗುವನ್ನು ಉಳಿಸು. ಹೇಗಿದ್ದರೂ ಸರಿ, ನನಗೆ ಅದು ಬೇಕು.'" ಅವರು ಸದಸ್ಯರ ಕಡೆ ತಿರುಗಿದರು. "ತಾಯಿ ಮನಸ್ಸು ಇಲ್ಲಿದೆ. ಈಗ ಹೇಳಿದ್ದು ಯಾರೋ ವಕೀಲ ಬರ್ಕೊಟ್ಟಿದ್ದು."

"ಆಗ ನನಗಿನ್ನೂ ಪೂರ್ತಿ ಗೊತ್ತಿರ್ಲಿಲ್ಲ..."

ಮೈಕ್ ಆಫ್ ಆಗಿತ್ತು.

ವಿನಾಯಿತಿಯ ತಿದ್ದುಪಡಿಗೆ ಪರ ಮೂರು ಮತ, ವಿರುದ್ಧ ಆರು. ಅವಳು ಎದ್ದು ನಿಲ್ಲುವಷ್ಟರಲ್ಲಿ ಹೆದ್ದಾರಿಯ ಹೆಸರು ಬದಲಾಯಿಸುವ ಮಸೂದೆ ಶುರುವಾಗಿತ್ತು. ಫೋನಿನಲ್ಲಿ ಡ್ವೇನ್‌ನ ಮೆಸೇಜ್: "ಲೈವ್‌ನಲ್ಲಿ ನೋಡ್ದೆ. ಮುಗೀತಲ್ಲ. ಮನೆಗ್ ಬಾ."

ಹೊರಗೆ ಹಾಲ್ಕೊಂಬ್‌ರ ಹೆಂಡತಿ ಪರ್ಲೀನ್ ಕಾದಿದ್ದಳು. ವಾರವಾರ ಆ ಪೆಟ್ಟಿಗೆ ತೆರೆಯುವವಳು ಅವಳೇ. ಮಾರ್ಲಾಳನ್ನು ಗಟ್ಟಿಯಾಗಿ ಅಪ್ಪಿಕೊಂಡಳು.

"ಚೀಟಿ ನಾನೇ ಎತ್ತಿಟ್ಟಿದ್ದೆ ಕಣೇ. ಎಷ್ಟು ಚೆನ್ನಾಗಿ ಬರ್ದಿದ್ದೀಯ! ನಾನಂತೂ ಅತ್ತೇಬಿಟ್ಟೆ. ಶನಿವಾರ ಚರ್ಚ್ ಹಾಲಲ್ಲಿ ನಿನ್ನ ಬೇಬಿ ಶವರ್, ಹತ್ತು ಗಂಟೆಗೆಲ್ಲ ಬಂದ್ಬಿಡು. ಕೇಕ್ ಹೇಳಾಗಿದೆ."

ಕೈಚೀಲದಿಂದ ಅವಳು ಅರ್ಧ ಹೆಣೆದ ಹಳದಿ ಉಣ್ಣೆಯ ಟೋಪಿ ತೆಗೆದಳು.

"ಅಳತೆ ಗೊತ್ತಾಗ್ದೆ ಇಲ್ಲಿಗೇ ನಿಲ್ಸಿದ್ದೀನಿ. ಇನ್ನೆಷ್ಟು ಹೆಣೀಲಿ?"

ಮಾರ್ಲಾ ಅದನ್ನು ಕೈಗೆ ತೆಗೆದುಕೊಂಡು ನೋಡಿದಳು. ಅಂಚು ಮಾತ್ರ ಆಗಿತ್ತು, ಮೇಲ್ಭಾಗ ತೆರೆದೇ ಇತ್ತು.

"ಇಷ್ಟೇ ಸಾಕು," ಎಂದಳು.