ನಮ್ಮ ಭಾವ ಐದು ಸಲ ಸತ್ತದ್ದು

ನಮ್ಮ ಕಾರ್ಖಾನೆಯಲ್ಲಿ ಬ್ರೆಟ್ಸೆಲ್ ಎಂಬ ಬೆಣ್ಣೆ ಹಚ್ಚಿದ ಗಂಟುರೊಟ್ಟಿ ಪುಕ್ಕಟೆ ಸಿಕ್ಕಿತೆಂದರೆ ಯಾರದೋ ಕೆಲಸಕ್ಕೆ ಕುತ್ತು ಬಂತೆಂದೇ ಅರ್ಥ. ಆ ಮಾರ್ಚ್ ತಿಂಗಳ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಬುಟ್ಟಿಗಟ್ಟಲೆ ಬ್ರೆಟ್ಸೆಲ್ ಇಟ್ಟಿದ್ದನ್ನು ಕಂಡು ನಾನು ಓಟ್ಮಾರ್ ಭಾವನ ಮುಖ ನೋಡಿದೆ. ಅವರು ಒಂದನ್ನೂ ಮುಟ್ಟಲಿಲ್ಲ. ನಾನು ಎರಡು ತಿಂದೆ. ಹೇಗೂ ಸುದ್ದಿ ಕೆಟ್ಟದ್ದೇ, ಹಸಿದ ಹೊಟ್ಟೆಯಲ್ಲಿ ಯಾಕೆ ಕೇಳಬೇಕು?

ಓಟ್ಮಾರ್ ರೀಕರ್ ನನ್ನ ಅಕ್ಕ ಗುಡ್ರುನಳ ಗಂಡ. ನಾನು ಎಗೊನ್, ಅವರ ಕೈಕೆಳಗೆ ಇಪ್ಪತ್ತಾರು ವರ್ಷ ದುಡಿದವನು, ಅವರ ಮನೆಯ ಮೇಲಿನ ಮಹಡಿಯಲ್ಲೇ ಇರುವವನು. ಜರ್ಮನಿಯ ನೆಕರ್ ನದಿಯ ಈ ದಂಡೆಯಲ್ಲಿ ಕಾರಿನ ಕಾರ್ಖಾನೆ ಎಂದರೆ ಒಂದೇ, ಹೆಸರು ಹೇಳಬೇಕಾಗಿಲ್ಲ. ಅದರ ಆರನೇ ಶೆಡ್ಡಿನಲ್ಲಿ ಭಾವ ಮೇಸ್ತ್ರಿ. ಎಂಜಿನ್ನಿನ ಹೊಟ್ಟೆಯೊಳಗೆ ತಿರುಗುವ ಕ್ರ್ಯಾಂಕ್‌ಶಾಫ್ಟ್ ಎಂಬ ಸೊಟ್ಟ ಉಕ್ಕಿನ ದಂಡವನ್ನು ಮೂವತ್ತೈದು ವರ್ಷ ತಯಾರಿಸಿದವರು. ಬೆರಳ ತುದಿಯಿಂದ ಸವರಿ, ಕೂದಲೆಳೆಯಷ್ಟು ಏರುಪೇರಿದ್ದರೂ ಹಿಡಿದುಬಿಡುತ್ತಿದ್ದರು. ಓಡುವ ಎಂಜಿನ್ನಿಗೆ ಕಿವಿಗೊಟ್ಟು "ಮೂರನೇ ಬೇರಿಂಗಿಗೆ ನೆಗಡಿ" ಎನ್ನುತ್ತಿದ್ದರು. ಬಿಚ್ಚಿ ನೋಡಿದರೆ ಮೂರನೆಯದೇ.

ಆ ದಿನ ದೊಡ್ಡ ಸಾಹೇಬರು ಟೈ ಕಟ್ಟದೆ ಬಂದಿದ್ದರು. ಅದೂ ಒಳ್ಳೆಯ ಶಕುನವಲ್ಲ. 'ಪರಿವರ್ತನೆ' ಎಂಬ ಮಾತನ್ನು ಹನ್ನೊಂದು ಸಲ ಹೇಳಿದರು. ಸಾರಾಂಶ ಇಷ್ಟು: ಒಂದೂವರೆ ವರ್ಷದಲ್ಲಿ ಕ್ರ್ಯಾಂಕ್‌ಶಾಫ್ಟ್ ಸಾಲು ಮುಚ್ಚುತ್ತದೆ, ಆ ಜಾಗದಲ್ಲಿ ವಿದ್ಯುತ್ ಕಾರಿನ ಮೋಟಾರು ತಯಾರಾಗುತ್ತದೆ. ಬೇಕಾದವರು ಪರಿಹಾರ ಪಡೆದು ಮನೆಗೆ ಹೋಗಬಹುದು, ಬೇಕಾದವರು ಆರು ವಾರ ಹೈವೋಲ್ಟೇಜ್ ಕೆಲಸ ಕಲಿತು ಪರೀಕ್ಷೆ ಪಾಸು ಮಾಡಿ ಉಳಿಯಬಹುದು.

"ಮಿಕ್ಸಿಗೆ ನಾಲ್ಕು ಚಕ್ರ ಕಟ್ಟಿ ಕಾರು ಅಂತಾರೆ," ಎಂದರು ಭಾವ, ಎಲ್ಲರಿಗೂ ಕೇಳಿಸುವಂತೆ. "ನಾನೇನು ಮಿಕ್ಸಿ ರಿಪೇರಿಯವನಲ್ಲ."

ಸಂಜೆ ಅದೇ ಮಾತನ್ನು ಮನೆಯಲ್ಲೂ ಹೇಳಿದರು. ಅಕ್ಕ ಒಲೆಯ ಮುಂದೆ ನಿಂತಿದ್ದಳು.

"ಹಾಗಾದ್ರೆ ಮನೇಲೇ ಕೂರ್ತೀಯಾ?"

"ಕೂರ್ತೀನಿ."

ಅಕ್ಕ ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು. ಆರು ವರ್ಷದ ಹಿಂದೆ ಮೊಣಕಾಲಿನ ಆಪರೇಷನ್ ಆಗಿ ಭಾವ ಮೂರು ವಾರ ಮನೆಯಲ್ಲಿದ್ದರು. ಆ ಮೂರು ವಾರದಲ್ಲಿ ಚಮಚಗಳನ್ನೆಲ್ಲ ಉದ್ದದ ಪ್ರಕಾರ ಜೋಡಿಸಿದ್ದರು, ಪ್ರತಿಯೊಂದು ಸೌಟಿನ ಆಕಾರವನ್ನು ಗೋಡೆಯ ಮೇಲೆ ಬರೆದು ಅದರದರ ಜಾಗ ಗುರುತು ಮಾಡಿದ್ದರು, ಅಕ್ಕ ಈರುಳ್ಳಿ ಹೆಚ್ಚುವಾಗ ಗಡಿಯಾರ ಹಿಡಿದು ಪಕ್ಕದಲ್ಲಿ ನಿಂತಿದ್ದರು.

"ನೋಡು ಓಟ್ಮಾರ್," ಎಂದಳು ಅಕ್ಕ ಮೆಲ್ಲಗೆ, "ನೀನು ಕ್ಲಾಸಿಗೆ ಹೋಗ್ತೀಯೋ, ಇಲ್ಲಾ ನಾನು ಉಲ್ಮ್‌ಗೆ ಚಿಕ್ಕಮ್ಮನ ಮನೆಗೆ ಹೋಗ್ಲೋ? ಇಬ್ಬರಲ್ಲಿ ಒಬ್ಬರು ಹೊರಗೆ ಹೋಗ್ಲೇಬೇಕು."

ಮರುದಿನ ಭಾವ ಅರ್ಜಿಗೆ ಸಹಿ ಹಾಕಿದರು. ಜೊತೆಗೆ ನನ್ನ ಹೆಸರನ್ನೂ ಬರೆಸಿದರು. ಸಾಯುವುದಿದ್ದರೆ ಒಬ್ಬರೇ ಯಾಕೆ ಸಾಯಬೇಕು ಎಂದಿರಬೇಕು.

ಕ್ಲಾಸಿನ ಮೊದಲ ದಿನ ಬಾಗಿಲು ತೆರೆದು ಪಾಠ ಹೇಳಲು ಒಳಗೆ ಬಂದವಳು ನುರ್ಜಾನ್. ಭಾವನ ಕುರ್ಚಿ ಕಿರುಗುಟ್ಟಿತು.

ಇಪ್ಪತ್ತನಾಲ್ಕು ವರ್ಷದ ಹಿಂದೆ ನುರ್ಜಾನ್ ನಮ್ಮ ಶೆಡ್ಡಿಗೆ ಕೆಲಸ ಕಲಿಯಲು ಬಂದ ಹುಡುಗಿ. ಅವಳ ಅಪ್ಪ ಇದೇ ಕಾರ್ಖಾನೆಯ ಎರಕದ ವಿಭಾಗದಲ್ಲಿದ್ದವರು, ತುರ್ಕಿಯಿಂದ ಬಂದವರು. ಭಾವ ಅವಳ ಕೈಗೆ ಒಂದು ಅರವನ್ನೂ ಒಂದು ಕಬ್ಬಿಣದ ತುಂಡನ್ನೂ ಕೊಟ್ಟು, ಆರೂ ಮುಖ ಸಮವಾಗುವವರೆಗೆ ಉಜ್ಜು ಎಂದಿದ್ದರು. ಅವಳು ತಂದು ತೋರಿಸಿದಾಗಲೆಲ್ಲ "ಕಣ್ಣನ್ನ ನಂಬ್ತೀಯಲ್ಲ! ಅಳತೆ ಹಿಡಿದು ನೋಡು!" ಎಂದು ವಾಪಸ್ ಎಸೆದಿದ್ದರು. ಒಂಬತ್ತು ಸಲ. ಹತ್ತನೇ ಸಲ ಏನೂ ಹೇಳದೆ ತೆಗೆದಿಟ್ಟುಕೊಂಡರು. ನಮ್ಮ ಸೀಮೆಯಲ್ಲಿ ಬೈಯದಿದ್ದರೆ ಹೊಗಳಿದ ಹಾಗೆ. ಆಮೇಲೆ ಅವಳು ರಾತ್ರಿ ಶಾಲೆ, ಕಾಲೇಜು ಎಂದು ಓದಿ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದು ನಮಗೆ ಗೊತ್ತಿತ್ತು. ಇಲ್ಲಿ ಬಂದು ಹೀಗೆ ಎದುರು ನಿಲ್ಲುತ್ತಾಳೆಂದು ಗೊತ್ತಿರಲಿಲ್ಲ.

"ನಮಸ್ಕಾರ ಮೇಸ್ತ್ರಿಗಳೇ," ಎಂದಳು. "ಮುಂದಿನ ಸಾಲಲ್ಲಿ ಜಾಗ ಇದೆ, ಬನ್ನಿ."

"ಇಲ್ಲೇ ಕೇಳಿಸುತ್ತೆ."

"ಕೇಳಿಸುತ್ತೆ, ಸರಿ. ಆದ್ರೆ ನನಗೆ ನಿಮ್ಮ ಕೈ ಕಾಣಬೇಕು."

ಮೇಜಿನ ಮೇಲೆ ಅವಳು ಒಂದು ಮೋಟಾರನ್ನು ಬಿಚ್ಚಿ ಹರಡಿದಳು. ಭಾವ ಬಗ್ಗಿ ನೋಡಿದರು. ಮೇಜಿನ ಕೆಳಗೂ ನೋಡಿದರು.

"ಉಳಿದದ್ದೆಲ್ಲಿ?"

"ಇಷ್ಟೇ, ಮೇಸ್ತ್ರಿಗಳೇ."

"ಇಷ್ಟೇನಾ? ಇದನ್ನ ನಮ್ಮ ಗುಡ್ರುನ್ ತರಕಾರಿ ಬುಟ್ಟೀಲಿ ತರಬಹುದಲ್ಲೇ!"

"ತರಬಹುದು. ಆದ್ರೆ ಇದಕ್ಕೆ ಬರೋ ಬ್ಯಾಟರಿಯಲ್ಲಿ ನಾನೂರು ವೋಲ್ಟ್ ಇರುತ್ತೆ. ಸದ್ದಿಲ್ಲ, ವಾಸನೆಯಿಲ್ಲ, ಹೊಗೆಯಿಲ್ಲ. ತಪ್ಪು ಜಾಗ ಮುಟ್ಟಿದ್ರೆ ಆಮೇಲೆ ನೀವೂ ಇಲ್ಲ."

ಅವಳ ನಿಯಮ ಸರಳವಾಗಿತ್ತು. ಮೊದಲು ವಿದ್ಯುತ್ ತಪ್ಪಿಸು. ಬೀಗ ಹಾಕಿ ಕೀಲಿ ನಿನ್ನ ಜೇಬಿಗೇ ಇಟ್ಟುಕೋ. ವೋಲ್ಟ್ ಅಳೆಯುವ ಮೀಟರು ಸರಿಯಿದೆಯೇ ಎಂದು ಪರೀಕ್ಷಿಸು. ಅಳೆದು ಸೊನ್ನೆ ನೋಡು. ಅಲ್ಲಿಯವರೆಗೆ ಏನನ್ನೂ ಮುಟ್ಟಬೇಡ. ಅಭ್ಯಾಸಕ್ಕೆಂದು ಅವಳು ಮಾಡಿಸಿದ್ದ ಹಲಗೆಯಲ್ಲಿ ನಿಜವಾದ ಕರೆಂಟು ಇರಲಿಲ್ಲ, ಅವಸರದಲ್ಲಿ ಮುಟ್ಟಿದರೆ ಹಾರ್ನ್ ಕೂಗುತ್ತಿತ್ತು ಅಷ್ಟೇ.

ಭಾವನ ಸರದಿ ಬಂತು. ವಿದ್ಯುತ್ ತಪ್ಪಿಸಿದರು, ಬೀಗ ಹಾಕಿದರು. ಅಷ್ಟರಲ್ಲಿ ಮೂವತ್ತೈದು ವರ್ಷದ ಚಾಳಿ! ಬಲಗೈ ತಾನಾಗಿಯೇ ಹೋಗಿ ತಾಮ್ರದ ಪಟ್ಟಿಯನ್ನು ಸವರಿತು. ಹಾರ್ನ್ ಕಿವಿ ಕಿತ್ತುಹೋಗುವಂತೆ ಕೂಗಿತು.

ನುರ್ಜಾನ್ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು. "ರೀಕರ್ ಓಟ್ಮಾರ್. ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ತೀರಿಕೊಂಡರು."

ಎರಡನೇ ವಾರ ಮತ್ತೆ ಸತ್ತರು. ಮೂರನೇ ವಾರ ಸೋಮವಾರ ಒಮ್ಮೆ, ಗುರುವಾರ ಒಮ್ಮೆ. ನಾನು ಒಂದೇ ಸಲ ಸತ್ತಿದ್ದೆ, ಅದನ್ನು ಯಾರೂ ಗಮನಿಸಲಿಲ್ಲ. ಮೇಸ್ತ್ರಿ ಸತ್ತ ಸುದ್ದಿ ಮಾತ್ರ ಊಟದ ಹೊತ್ತಿಗೆ ಕಾರ್ಖಾನೆಯ ಆಚೆ ಗೇಟು ದಾಟಿರುತ್ತಿತ್ತು. ಪ್ರತಿ ಗುರುವಾರ ನಾವು ಸೇರುವ 'ಕರಡಿ' ಹೋಟೆಲಿನಲ್ಲಿ, ನಮ್ಮ ಕಾಯಂ ಮೇಜಿನ ಮೇಲೆ, ಭಾವ ಕೂರುವ ಜಾಗದಲ್ಲಿ ಯಾರೋ ಕರಿ ರಿಬ್ಬನ್ನಿನ ಹೂಮಾಲೆ ಇಟ್ಟಿದ್ದರು. ಹೋಟೆಲಿನ ಒಡತಿ ಮುಖ ಸಣ್ಣದು ಮಾಡಿಕೊಂಡು ಒಂದು ಸುತ್ತು ಬ್ರಾಂದಿ ತಂದಿಟ್ಟು, "ತುಂಬಾ ಒಳ್ಳೆ ಮನುಷ್ಯರು. ನೋವೇನೂ ಆಗ್ಲಿಲ್ಲ ತಾನೆ?" ಎಂದು ಕೇಳಿದಳು.

ಭಾವ ಬ್ರಾಂದಿ ಕುಡಿದರು. ಪುಕ್ಕಟೆ ಬಂದದ್ದನ್ನು ಬಿಡುವವರು ನಮ್ಮ ಕಡೆ ಇಲ್ಲ. ಹೂಮಾಲೆಯನ್ನು ಮಾತ್ರ ಮೇಜಿನ ಕೆಳಗೆ ತಳ್ಳಿದರು.

ಆಮೇಲೆ ಬಂತು ಸದ್ದಿನ ಪ್ರಸಂಗ. ನಾಲ್ಕನೇ ವಾರ ನಮ್ಮನ್ನು ಹೊಸ ಮೋಟಾರುಗಳನ್ನು ಓಡಿಸಿ ನೋಡುವ ಕೋಣೆಗೆ ಕರೆದುಕೊಂಡು ಹೋಗಿದ್ದರು. ಭಾವ ಬಾಗಿಲಲ್ಲೇ ನಿಂತರು. ತಲೆ ಓರೆ ಮಾಡಿದರು. ಮೂರು ವಾರದಲ್ಲಿ ಮೊದಲ ಸಲ ಅವರ ಮುಖ ಬೆಳಗಿತು.

"ಬೇರಿಂಗ್! ಎಡಗಡೇದು. ಕೇಳಿಸ್ತಿಲ್ವಾ? ಗುಂಯ್ ಅಂತಿದೆ. ನಿಲ್ಸಿ!"

ಮೇಸ್ತ್ರಿಯ ಕಿವಿಯ ಕೀರ್ತಿ ಎಲ್ಲರಿಗೂ ಗೊತ್ತಿತ್ತು. ನಿಲ್ಲಿಸಿದರು, ಬಿಚ್ಚಿದರು. ಎರಡು ಗಂಟೆ ನೋಡಿದರು. ಬೇರಿಂಗು ಹೊಸ ಹಲ್ಲಿನಂತೆ ಹೊಳೆಯುತ್ತಿತ್ತು. ಮೋಟಾರು ಮೇಜಿನ ಮೇಲೆ ತುಂಡುತುಂಡಾಗಿ ಬಿದ್ದಿದ್ದರೂ ಗುಂಯ್ ಎನ್ನುವುದು ಮಾತ್ರ ನಿಂತಿರಲಿಲ್ಲ. ನುರ್ಜಾನ್ ಸುತ್ತ ನೋಡಿ, ಮೂಲೆಗೆ ಹೋಗಿ, ತಂಪು ಪಾನೀಯದ ಫ್ರಿಜ್ಜಿನ ಪ್ಲಗ್ಗು ಕಿತ್ತಳು. ಸದ್ದು ನಿಂತಿತು.

ನಗಬಾರದೆಂದು ಎಲ್ಲರೂ ಬಹಳ ಪ್ರಯತ್ನ ಪಟ್ಟರು. ನಾನೇ ಮೊದಲು ಸೋತೆ.

ಮರುದಿನ ಭಾವ ಬರಲಿಲ್ಲ. ಮೊಣಕಾಲು ನೋವೆಂದು ಚೀಟಿ ಕಳಿಸಿದರು. ಮೂರು ದಿನ ಹೀಗೇ ಆಯಿತು. ಶನಿವಾರ ಬೆಳಿಗ್ಗೆ, ಮೆಟ್ಟಿಲು ಗುಡಿಸುವ ಸರದಿ ಅವರದಾಗಿತ್ತು, ನೋವಿಲ್ಲದ ಮೊಣಕಾಲೂರಿ ಅವರು ಮೆಟ್ಟಿಲಿನ ಮೂಲೆ ಉಜ್ಜುತ್ತಿರುವಾಗ ನುರ್ಜಾನ್ ಬಂದಳು. ನಾನು ಮೇಲಿನಿಂದ ಇಳಿಯುತ್ತಿದ್ದವನು ಅಲ್ಲೇ ನಿಂತೆ.

"ಕಾಲು ಹೇಗಿದೆ ಮೇಸ್ತ್ರಿಗಳೇ?"

"ಒದ್ದೆ ಇದೆ, ತುಳೀಬೇಡ," ಎಂದರು ಭಾವ, ಮೆಟ್ಟಿಲನ್ನು ಕುರಿತು.

ಅವಳು ಒಣಗಿದ ಮೆಟ್ಟಿಲು ಹುಡುಕಿ ಕುಳಿತಳು.  ಭಾವ ಬ್ರಷ್ಷು ನಿಲ್ಲಿಸದೆ, ತಲೆಯೆತ್ತದೆ ಹೇಳಿದರು:

"ನನ್ನ ಹತ್ರ ಇದ್ದದ್ದು ಎರಡೇ ಕಣೇ. ಕೈ ಮತ್ತೆ ಕಿವಿ. ಅಲ್ಲಿ ನೋಡಿದ್ರೆ ಮುಟ್ಟೋಹಾಗಿಲ್ಲ, ಕೇಳೋಕೆ ಸದ್ದೇ ಇಲ್ಲ. ಇನ್ನು ನಾನು ಬಂದು ಏನ್ ಮಾಡ್ಲಿ? ಫ್ರಿಜ್ ಕಾಯ್ಲಾ?"

ನನಗೆ ಆಗ ನಗು ಬರಲಿಲ್ಲ.

"ಎರಕದ ವಿಭಾಗ ಮುಚ್ಚಿದಾಗ ನಮ್ಮಪ್ಪಂಗೆ ಐವತ್ತೊಂದು," ಎಂದಳು ನುರ್ಜಾನ್. "ಯಾರೂ ಯಾವ ಕ್ಲಾಸಿಗೂ ಕರೀಲಿಲ್ಲ. ಹದಿನಾಲ್ಕು ವರ್ಷ ಕಿಟಕಿ ಪಕ್ಕ ಕೂತು, ಹೋಗೋ ಬರೋ ಬಸ್ಸು ನೋಡಿದ್ರು. ಬಸ್ಸಿನ ನಂಬರೆಲ್ಲ ಬಾಯಿಪಾಠ ಆಗಿತ್ತು." ಅವಳು ಎದ್ದು ಬಟ್ಟೆ ಕೊಡವಿಕೊಂಡಳು. "ಇನ್ನೊಂದು ವಿಷಯ. ನೀವು ನನ್ನ ಕಬ್ಬಿಣ ಒಂಬತ್ತು ಸಲ ವಾಪಸ್ ಎಸೆದ್ರಿ. ನಾನು ನಿಮ್ಮನ್ನ ಸಾಯಿಸಿರೋದು ನಾಲ್ಕೇ ಸಲ. ಇನ್ನೂ ಐದು ಸಾವು ಉಳಿದಿವೆ. ಅರ್ಧಕ್ಕೇ ಓಡಿಹೋಗೋದು ನ್ಯಾಯ ಅಲ್ಲ."

ಭಾವನ ಬ್ರಷ್ಷು ನಿಂತಿತು. ಭುಜ ಅಲುಗಿತು. ಅವರು ನಗುತ್ತಿದ್ದಾರೆಂದು ತಿಳಿಯಲು ನನಗೆ ತುಸು ಹೊತ್ತೇ ಹಿಡಿಯಿತು. ಅಷ್ಟರಲ್ಲಿ ಅಕ್ಕ ಬಾಗಿಲು ತೆರೆದು, "ಮೆಟ್ಟಿಲ ಮೇಲೆ ಯಾಕಮ್ಮಾ ಕೂತಿದ್ದೆ, ಒಳಗೆ ಬಾ, ಆಲೂಗಡ್ಡೆ ಸಲಾಡು ಮಾಡಿದೀನಿ," ಎಂದಳು. ಅವಳು ಬಾಗಿಲ ಹಿಂದೆಯೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು.

ಸೋಮವಾರ ಭಾವ ಕ್ಲಾಸಿಗೆ ಬಂದರು. ಬಂದವರೇ ಐದನೇ ಸಲ ಸತ್ತರು. ಆದರೆ ಈ ಸಲ ತಾವೇ ಗಡಿಯಾರ ನೋಡಿ ಹೊತ್ತು ಹೇಳಿದರು.

ಮನೆಯಲ್ಲೂ ಅಭ್ಯಾಸ ಶುರುವಾಯಿತು. ಒಂದು ಸಂಜೆ ಅಕ್ಕ ನನಗೆ ಫೋನು ಮಾಡಿದಳು. "ಎಗೊನ್, ನಿಮ್ಮ ಭಾವ ಎಲ್ಲಿ? ಕೇಕಿನ ಹಿಟ್ಟು ಕಲಸೋಣ ಅಂದ್ರೆ ಮಿಕ್ಸಿಯ ಪ್ಲಗ್ಗಿಗೆ ಬೀಗ ಹಾಕಿ ಕೀಲಿ ಜೇಬಲ್ಲಿಟ್ಕೊಂಡು ಹೋಗಿದಾನೆ!" ನಾನು 'ಕರಡಿ'ಗೆ ಹೋಗಿ ಕೀಲಿ ಕೇಳಿದೆ. ಕೊಡಲಿಲ್ಲ. "ಬೀಗ ಹಾಕಿದವನೇ ತೆಗೀಬೇಕು. ನಿಯಮ," ಎಂದು ಎದ್ದು ಮನೆವರೆಗೆ ನಡೆದು ಬಂದು, ತೆಗೆದು, ಮತ್ತೆ ನಡೆದುಕೊಂಡು ವಾಪಸ್ ಹೋದರು.

ಪರೀಕ್ಷೆ ಮಾಡಲು ಸ್ಟುಟ್‌ಗಾರ್ಟಿನಿಂದ ಒಬ್ಬ ಅಧಿಕಾರಿ ಬಂದಿದ್ದರು. ಅವರಿಗೆ ರೈಲಿನ ಅವಸರ. ಭಾವನ ಸರದಿಯಲ್ಲಿ ಎಲ್ಲ ನೆಟ್ಟಗೆ ನಡೆಯಿತು. ವಿದ್ಯುತ್ ತಪ್ಪಿಸಿದ್ದಾಯಿತು, ಬೀಗ ಹಾಕಿದ್ದಾಯಿತು, ಕೀಲಿ ಜೇಬಿಗೆ ಹೋಯಿತು, ಖಾಲಿಯಿದ್ದ ಎಡಗೈ ಎಲ್ಲೂ ತಗಲದಂತೆ ಬೆನ್ನ ಹಿಂದೆ ಸೇರಿತು. ಮೀಟರನ್ನು ಪರೀಕ್ಷಿಸುತ್ತಿರುವಾಗ ಅಧಿಕಾರಿಗಳು, "ಸರಿ ಸರಿ, ಮುಂದಿನ ಪ್ರಶ್ನೆ, ಈ ಪಟ್ಟಿ ಇದೆಯಲ್ಲ..." ಎನ್ನುತ್ತ ಬೆರಳು ಚಾಚಿದರು.

"ಕೈ ತೆಗೀರಿ!"

ಆರನೇ ಶೆಡ್ಡಿನಲ್ಲಿ ಯಂತ್ರಗಳ ಗದ್ದಲದ ನಡುವೆ ಕೂಗಿ ಪಳಗಿದ ಗಂಟಲು ಅದು. ಅಧಿಕಾರಿಗಳು ಬೆಚ್ಚಿ ಪೆನ್ನು ಬೀಳಿಸಿದರು.

"ಇದರಲ್ಲಿ ಕರೆಂಟಿಲ್ಲ ಅಂತ ನನಗೆ ಗೊತ್ತು, ರೀಕರ್ ಅವರೇ."

"ಅಳೆದು ನೋಡಿದ್ರಾ?"

 ಭಾವ ಅಳೆದರು. ಸೊನ್ನೆ. ಅಧಿಕಾರಿಗಳು ಹೇಳಿದ್ದೇ ನಿಜವಾಗಿತ್ತು, ಅಪಾಯವೇನೂ ಇರಲಿಲ್ಲ. ಆದರೆ ಹಿಂದಿನ ಸಾಲಿನಲ್ಲಿ ನುರ್ಜಾನ್ ಕರವಸ್ತ್ರ ತೆಗೆದು ಏನೋ ಕೆಮ್ಮಿದಂತೆ ಮಾಡುತ್ತಿದ್ದಳು. ಅಧಿಕಾರಿಗಳು ಬಗ್ಗಿ ಪೆನ್ನು ಎತ್ತಿಕೊಂಡು ಸಹಿ ಹಾಕಿದರು. ರೈಲು ತಪ್ಪಿತೋ ಏನೋ ಗೊತ್ತಿಲ್ಲ.

ಮುಂದಿನ ವರ್ಷ ಅಕ್ಟೋಬರಿನಲ್ಲಿ ಕೊನೆಯ ಕ್ರ್ಯಾಂಕ್‌ಶಾಫ್ಟ್ ಸಾಲಿನಿಂದ ಇಳಿಯಿತು. ಮತ್ತೆ ಬ್ರೆಟ್ಸೆಲ್, ಮತ್ತೆ ಟೈ ಇಲ್ಲದ ಸಾಹೇಬರು. ಭಾವನನ್ನು ಎರಡು ಮಾತಾಡಿ ಎಂದರು. ಅವರು ಆ ದಂಡವನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನಿಧಾನವಾಗಿ ಸವರಿದರು, ಎಣ್ಣೆ ಬಟ್ಟೆಯಿಂದ ಒರೆಸಿದರು. "ಚೆನ್ನಾಗಿದೆ," ಎಂದರು. ಆಮೇಲೆ ಬೇರೆ ಕಡೆ ತಿರುಗಿ, ಕಸಬರಿಗೆ ಎಲ್ಲಿ ಎಂದು ಯಾರನ್ನೋ ಗದರಿಸಿದರು. ಈಗ ಮೋಟಾರಿನ ಶೆಡ್ಡಿನಲ್ಲಿ ಅವರೇ ಸುರಕ್ಷತೆಯ ಮೇಸ್ತ್ರಿ. ಅವರ ಕಾಟ ತಡೆಯಲಾರದೆ ಜನ ನುರ್ಜಾನಳ ಹತ್ತಿರ ದೂರು ಕೊಡುತ್ತಾರೆ. ಅವಳು ತಾಳ್ಮೆಯಿಂದ ಕೇಳಿ, ಏನೂ ಮಾಡುವುದಿಲ್ಲ.

ಅಕ್ಕ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ನರ್ಸು. ಚಳಿಗಾಲದಲ್ಲಿ ಅವಳ ಹಳೆಯ ಡೀಸೆಲ್ ಕಾರು ಕೈಕೊಟ್ಟಿತು. ಭಾವನನ್ನು ಒಂದು ಮಾತೂ ಕೇಳದೆ ವಿದ್ಯುತ್ ಕಾರು ಕೊಂಡು ಬಂದಳು. ಮೊದಲ ಭಾನುವಾರ ಚಿಕ್ಕಮ್ಮನನ್ನು ನೋಡಲು ಮೂವರೂ ಉಲ್ಮ್‌ಗೆ ಹೊರಟೆವು. ಅಕ್ಕ ಓಡಿಸುತ್ತಿದ್ದಳು, ಭಾವ ಪಕ್ಕದಲ್ಲಿ, ನಾನು ಹಿಂದೆ. ಬೆಟ್ಟ ಹತ್ತುವ ದಾರಿಯಲ್ಲಿ ಭಾವ ತಲೆ ಓರೆ ಮಾಡಿದರು. ಮತ್ತೆ ಯಾವ ಬೇರಿಂಗಿಗೆ ಗ್ರಹಚಾರ ಬಂತೋ ಎಂದು ನಾನು ಉಸಿರು ಬಿಗಿಹಿಡಿದೆ.

"ಗುಡ್ರುನ್, ನೀನು ಹಾಡ್ತಿದೀಯಾ?"

"ಹೂಂ. ಕಾರು ಓಡಿಸೋವಾಗ ಯಾವಾಗ್ಲೂ ಹಾಡ್ತೀನಲ್ಲ."

"ಯಾವಾಗ್ಲೂ?"

"ಮೂವತ್ತೊಂದು ವರ್ಷದಿಂದ. ನಿನ್ನ ಕಿವಿ ಎಂಜಿನ್ನಿನ ಸದ್ದಿನ ಮೇಲಿರ್ತಿತ್ತು."

ಭಾವ ಕಿಟಕಿಯ ಕಡೆ ತಿರುಗಿದರು. ಹೊರಗೆ ಹಿಮ ಬಿದ್ದ ತೋಟಗಳು ಸರಿದುಹೋಗುತ್ತಿದ್ದವು.

"ಎರಡನೇ ಸಾಲಲ್ಲಿ ಶ್ರುತಿ ಸ್ವಲ್ಪ ಇಳೀತಿದೆ," ಎಂದರು ಕೊನೆಗೆ.

"ಇಳಿದು ನಡ್ಕೊಂಡು ಬರ್ತೀಯಾ?" ಎಂದಳು ಅಕ್ಕ.

"ಬೇಡ ಬೇಡ. ನೀನು ಹಾಡು."

ಅಕ್ಕ ಮೊದಲಿಗಿಂತ ಗಟ್ಟಿಯಾಗಿ ಹಾಡತೊಡಗಿದಳು. ಶ್ರುತಿ ಇಳಿಯುತ್ತಿದ್ದದ್ದು ನಿಜ.