ಹನ್ನೊಂದು ನಂಬರುಗಳು

ಆಸ್ಪತ್ರೆಯ ಡೇಟಾಬೇಸಿನಿಂದ ಮಾಹಿತಿ ತೆಗೆಯುವ ಕೆಲಸವನ್ನೆಲ್ಲ ಪ್ರೋಗ್ರಾಮಿನ ಒಂದೇ ಭಾಗದ, ಒಂದೇ ಕ್ಲಾಸಿನ, ತಲೆಗೆ ಕಟ್ಟಿದ್ದರು. ನಾಲ್ಕು ಸಾವಿರ ಸಾಲು ಕೋಡ್. ಬರೆದ ಹಿರಿಯರು ಹೋದ ತಿಂಗಳಷ್ಟೇ ನಿವೃತ್ತರಾಗಿದ್ದರು. ಅವರನ್ನು ಬಾಯ್ತುಂಬ ಬೈಯುತ್ತಲೇ ನಾನದನ್ನು ಆರು ಪುಟ್ಟ ಕ್ಲಾಸುಗಳಾಗಿ ಒಡೆದೆ. ಲಸಿಕೆಯ ದಿನ ನೆನಪಿಸಿ ಮೆಸೇಜ್ ಕಳಿಸುವ ಭಾಗದಲ್ಲಿ ಹನ್ನೊಂದು ಮಕ್ಕಳ ದಾಖಲೆ ನಂಬರುಗಳನ್ನು ಪಟ್ಟಿ ಮಾಡಿ, ಇವರಿಗೆ ಮಾತ್ರ ಕಳಿಸಬೇಡ ಎಂದು ಬರೆದಿತ್ತು. ಕಾರಣವಿರಲಿಲ್ಲ. ದಾಖಲೆ ತೆಗೆದು ನೋಡಿದೆ. ಅದರ ಪ್ರಕಾರ ಹನ್ನೊಂದು ಮಕ್ಕಳೂ ಬದುಕಿದ್ದವು. ‘ಇದೆಂಥ ಬೇಕಾಬಿಟ್ಟಿ ಕೆಲಸ’ ಎಂದು ಗೊಣಗಿ ಅಳಿಸಿ ಹಾಕಿದೆ. ಪ್ರೋಗ್ರಾಮಿನ ಟೆಸ್ಟುಗಳೆಲ್ಲ ಪಾಸಾದವು.

ಮರುದಿನ ಬೆಳಿಗ್ಗೆ ರಿಸೆಪ್ಷನ್ನಿನ ಅಕ್ಕ ಏದುಸಿರು ಬಿಡುತ್ತ ಮಹಡಿ ಹತ್ತಿ ಬಂದರು.

“ಲಸಿಕೆಗೆ ಬನ್ನಿ ಅಂತ ಮೆಸೇಜ್ ಕಳ್ಸಿದ್ಯಾರಪ್ಪಾ? ಕೆಳಗೆ ಒಬ್ರು ತಾಯಿ ಬಂದಿದ್ದಾರೆ. ಅವರ ಮಗು ಹುಟ್ಟಿದ ದಿನವೇ ತೀರ್ಕೊಂಡಿತ್ತು.”

“ದಾಖಲೆಯಲ್ಲಿ ಹಾಗಿಲ್ವಲ್ಲ!”

“ಹೆಸರಿಡೋಕೆ ಮುಂಚೆ ಹೋದ ಮಕ್ಕಳ ಸಾವನ್ನ ತಾಯಿಯ ಫೈಲಲ್ಲಿ ಮಾತ್ರ ಬರೆಯೋದು. ನಿಮ್ಮ ಹಿರಿಯರು ಪ್ರತಿ ಸಲ ನನ್ನನ್ನ ಕೇಳಿ ನಂಬರ್ ಬರ್ಕೊಂಡು ಹೋಗ್ತಿದ್ರು.”

“ತಪ್ಪಾಯ್ತು ಅಂತ ಹೇಳಿ ಕಳಿಸ್ಬಿಡಿ ಅಕ್ಕಾ.”

“ಹೇಳ್ದೆ. ‘ನಂಗೂ ಗೊತ್ತು’ ಅಂದ್ರು. ಆದ್ರೂ ಟೋಕನ್ ಇಸ್ಕೊಂಡು ಬೇರೆ ತಾಯಂದಿರ ಜೊತೆ ಸಾಲಲ್ಲಿ ಕೂತಿದ್ದಾರೆ.”