ಅಡುಗೆಮನೆಯ ಕೆಳಗೆ

"ಕಲ್ಲು ಬಿದ್ದಿದೆಯಂತೆ, ಕಲ್ಲು! ನಿನ್ನ ಮಂಡೆ ಮೇಲೆ ಬೀಳಬೇಕಿತ್ತು ಕಣೋ ಆ ಕಲ್ಲು, ಮುಂಡೇಮಗನೆ. ಸೊಂಟ ಬಗ್ಗಿಸಿ ಸರಿಯಾಗಿ ಬಾಚೋ!"

ಕಂದಾಯದ ಶೇಕದಾರ್ ಅಳಸಿಂಗಯ್ಯನವರು ಹಿತ್ತಿಲ ಬಾಗಿಲಲ್ಲಿ ನಿಂತು, ಮೈಲಿಗೆಯಾಗದಷ್ಟು ದೂರದಿಂದ ಬೈಯುತ್ತಿದ್ದರು. ಹಿಂದಿನ ಓಣಿಯಲ್ಲಿ, ಮೋರಿಯ ಬಾಯಿಗೆ ಮಂಡಿಯೂರಿದ್ದ ನಮ್ಮ ಕೇರಿಯ ಕೆಂಚಯ್ಯ ಬಿದಿರು ಗಳವನ್ನು ಒಳಕ್ಕೆ ತೂರಿಸಿ ಎಳೆದ. ಗಳದ ತುದಿಗೆ ಕರಿಯ ಕೊಚ್ಚೆ, ಅನ್ನದಗುಳು, ತಲೆಗೂದಲು ಬಂದವು. ಮತ್ತೆ ತೂರಿಸಿದ. ಒಳಗೆಲ್ಲೋ ಟಕ್ಕೆಂದು ತಗುಲಿ ನಿಂತಿತು.

"ಮುಂದಕ್ಕೆ ಹೋಗಾಕಿಲ್ಲ ಅಂತದೆ ಬುದ್ದಿ. ಗಟ್ಟಿಗೈತೆ. ಚಪ್ಪಡಿನೇ ಕುಸ್ದಿರ್ಬೇಕು."

"ಹೂಳು ಕಣೋ ಅದು. ಒಣಗಿ ಗಟ್ಟಿಯಾಗಿದೆ. ಮೈಗಳ್ಳತನಕ್ಕೆ ರಿಪೇರಿ ಅಂತ ಹೆಸರು ಬೇರೆ."

ಬೇಲೂರಿನ ಗುಡಿಬೀದಿಯ ಆ ಮನೆಯ ಮೋರಿ ಶೇಕದಾರರ ಅಜ್ಜನ ಕಾಲದ್ದು. ಬಚ್ಚಲಿಂದ ಹೊರಟು, ಅಡುಗೆಮನೆಯ ನೆಲದಡಿ ಹಾದು, ಹಿತ್ತಿಲು ದಾಟಿ ಓಣಿಗೆ ಬೀಳುತ್ತಿತ್ತು. ಅದಕ್ಕೆ ಹಾಸಿದ ಕಲ್ಲುಗಳೆಲ್ಲ ಯಾವುದೋ ಪಾಳುಗುಡಿಯವು. ಅವನ್ನು ಹೊತ್ತು ತಂದವರು ನಮ್ಮ ಕೇರಿಯವರೇ. ಹೊತ್ತು ತಂದಮೇಲೆ ಅವರ ಪಾಲಿಗೆ ಮೋರಿಯ ಬಾಯಿ ಮಾತ್ರ ಉಳಿಯಿತು.

ನೀರು ಬಚ್ಚಲಿನಲ್ಲೇ ನಿಂತು ನಾರುತ್ತಿತ್ತು. ಅವತ್ತೇ ಶೇಕದಾರರ ತಂದೆಯ ತಿಥಿ. ಮಧ್ಯಾಹ್ನಕ್ಕೆ ಬ್ರಾಹ್ಮಣರು ಎಲೆಯ ಮುಂದೆ ಕೂರಬೇಕು. ಅಷ್ಟರೊಳಗೆ ಮೋರಿ ಹರಿಯಲೇಬೇಕು.

ಗಾರೆ ಕೆಲಸದ ಹನುಮಂತಯ್ಯನನ್ನೂ ಕರೆಸಿದ್ದರು. ಅವನು ಹಿತ್ತಿಲೊಳಗೆ ಹಾರೆಯನ್ನು ಗೋಡೆಗೆ ಒರಗಿಸಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ಎಲೆಯಡಿಕೆ ಜಗಿಯುತ್ತಿದ್ದ. ಹೂಳು ತೆಗೆಯುವುದು ಕೇರಿಯವರ ಕೆಲಸ, ಕಲ್ಲು ಎತ್ತುವುದು ಗಾರೆಯವನ ಕೆಲಸ. ಹೂಳು ತೆಗೆಯುವ ತನಕ ಹನುಮಂತಯ್ಯ ಆ ಮೋರಿಯನ್ನು ಮುಟ್ಟುವವನಲ್ಲ. ಕಲ್ಲು ಎತ್ತುವ ತನಕ ಕೆಂಚಯ್ಯನ ಗಳ ಮುಂದಕ್ಕೆ ಹೋಗುವಂತಿರಲಿಲ್ಲ. ಬೆಳಗಿನಿಂದ ಇದೇ ರಗಳೆ.

"ನೆಲದ ಚಪ್ಪಡಿ ಎತ್ತಿ ನೋಡಿದ್ರೆ ಗೊತ್ತಾಯ್ತದೆ ಸ್ವಾಮಿ," ಎಂದ ಹನುಮಂತಯ್ಯ.

"ತಿಥಿ ದಿನ ಅಡುಗೆಮನೆ ಅಗೆಯೋದೇ? ತಲೆ ಕೆಟ್ಟಿದೆಯೇನಯ್ಯ?"

"ಹಂಗಾದ್ರೆ ಅವನೇ ಒಳೀಕೆ ಹೋಗಿ ನೋಡ್ಲಿ. ಮನ್ಸ ತೂರೋವಷ್ಟು ಅಗಲ ಐತೆ. ಹಿಂದೆ ಇವನಪ್ಪ ತೂರಿದ್ದ ಅಂತ ನಮ್ಮಪ್ಪ ಹೇಳ್ತಿತ್ತು."

ಒಳಗಿನಿಂದ ಶೇಕದಾರರ ತಾಯಿ ಜಾನಕಮ್ಮನವರು ಕೂಗಿದರು. ಒದ್ದೆ ಸೀರೆ ಉಟ್ಟು ಮಡಿಯಲ್ಲಿ ಅಡುಗೆ ಮಾಡುತ್ತಿದ್ದ ಮುದುಕಿ.

"ಅಳಸಿಂಗ, ಅವನು ನನ್ನ ಒಲೆ ಕೆಳಗೆ ಬರ್ತಾನೇನೋ?"

"ಭೂಮಿ ಒಳಗಲ್ವೇನಮ್ಮ. ಭೂಮಿಗೆ ಮೈಲಿಗೆ ಇಲ್ಲ."

"ಅವನ ದನಿ?"

ಶೇಕದಾರರು ಯೋಚಿಸಿದರು. ತಿಥಿಯ ಅಡುಗೆ ಬೇಯುವಾಗ ಕೇರಿಯವರ ದನಿ ಕಿವಿಗೆ ಬಿದ್ದರೆ ಆ ಅಡುಗೆ ಪಿತೃಗಳಿಗೆ ಸಲ್ಲುವುದಿಲ್ಲ. ಹಿಂದೊಂದು ತಿಥಿಯಲ್ಲಿ ಗೋಡೆಯಾಚೆ ಕೆಂಚಯ್ಯ ಕೆಮ್ಮಿಬಿಟ್ಟಿದ್ದ. ಹಂಡೆಗಟ್ಟಲೆ ಅನ್ನವನ್ನು ತಿಪ್ಪೆಗೆ ಸುರಿದು, ಅವನನ್ನು ಹುಣಸೆ ಬರಲಿನಿಂದ ಹೊಡೆಸಿದ್ದರು. ಆಮೇಲೆ ಆ ಮನೆಯ ಹಿಂದೆ ಹಾಯುವಾಗೆಲ್ಲ ಅವನು ಬಾಯಿಗೆ ಟವಲು ಒತ್ತಿಕೊಳ್ಳುತ್ತಿದ್ದ.

"ಕೇಳೋ ಕೆಂಚ. ಒಳಗೆ ಹೋದ ಮೇಲೆ ಬಾಯಿ ಬಿಡಕೂಡದು. ಕೆಮ್ಮಕೂಡದು. ಕಲ್ಲೇ ಕುಸಿದಿದ್ರೆ ಮೇಲಿನ ಚಪ್ಪಡಿಗೆ ಬಡಿ. ಬರೀ ಹೂಳಾದ್ರೆ ಬಾಚಿ ಈಚೆಗೆ ಕಳಿಸು. ಬಡಿದ್ರೆ ರಿಪೇರಿ, ಬಡೀದಿದ್ರೆ ಹೂಳು. ತಿಳೀತೇನೋ?"

"ಸಿಕ್ಕಾಕ್ಕಂಡ್ರೆ ಏನ್ ಮಾಡ್ಲಿ ಬುದ್ದಿ?"

"ಏನು ಸಿಕ್ಕಾಕ್ಕೊಳ್ಳೋದು? ನಿಮ್ಮಪ್ಪ ಸಿಕ್ಕಾಕ್ಕೊಂಡಿದ್ನೇನೋ?"

ಹನುಮಂತಯ್ಯ ನಕ್ಕ.

ಕೊಚ್ಚೆ ಹೊರಲು ಬಂದಿದ್ದ ಕೆಂಚಯ್ಯನ ಹೆಂಡತಿ ಮರಿಯಮ್ಮ ಮಂಕರಿ ಕೆಳಗಿಟ್ಟಳು. ಗಂಡನ ಹತ್ತಿರ ಬಗ್ಗಿ ಪಿಸುಗುಟ್ಟಿದಳು.

"ಬ್ಯಾಡ ಕಣೇಳು. ನನ್ ಮಾತು ಕೇಳು. ಎದ್ದು ಹೋಗಾನ ಬಾ."

"ಎಲ್ಲಿಗೆ ಹೋಗಾನೆ? ಗುಡಿಸ್ಲು ಇರಾದು ಸರ್ಕಾರಿ ಖರಾಬ್ನಾಗೆ. ಈ ನನ್ಮಗ ಒಂದು ಮಾತು ಅಂದ್ರೆ ನಾಳೀಕೆ ಗಳ ಕಿತ್ತು ಬಿಸಾಕ್ತಾರೆ."

"ಖಾದಿ ಟೋಪಿಯೋರು ಬಂದಾಗ ಇವ್ನೂ ಬಂದು ನಮ್ ಕೇರಿ ಗುಡ್ಸಿದ್ನಲ್ಲ."

"ಗುಡ್ಸಿ ಸ್ನಾನ ಮಾಡಿದ್ನಲ್ಲ. ಆ ನೀರೂ ಇದ್ರಾಗೇ ಬಂತು."

ಕೆಂಚಯ್ಯ ಟವಲನ್ನು ಬಾಯಿಗೆ ಕಟ್ಟಿಕೊಂಡ. ಕೈಯಲ್ಲಿ ಕುಡುಗೋಲಿನ ಮುರುಕು, ಸೊಂಟಕ್ಕೆ ಮಂಕರಿಯ ಒಂದು ಹಗ್ಗ; ಮಂಕರಿಯ ಇನ್ನೊಂದು ಹಗ್ಗ ಮರಿಯಮ್ಮನ ಕೈಯಲ್ಲಿ. ತಲೆ ತೂರಿತು, ಭುಜ ತೂರಿತು, ಒಡೆದ ಅಂಗಾಲು ಕೊಚ್ಚೆಯಲ್ಲಿ ಜಾರುತ್ತ ಒಳಗೆ ಹೋಯಿತು.

ಮೊದಲು ಕೆಲಸ ಚೆನ್ನಾಗಿಯೇ ನಡೆಯಿತು. ಹಗ್ಗ ಜಗ್ಗಿದಾಗ ಮರಿಯಮ್ಮ ಮಂಕರಿ ಎಳೆದುಕೊಂಡಳು, ಸುರಿದಳು, ಅವನು ಮತ್ತೆ ಒಳಕ್ಕೆ ಎಳೆದುಕೊಂಡ. ಕೊಚ್ಚೆಯ ಜೊತೆ ಸಾಂಬಾರಿನ ಕರಿಬೇವು, ಮುರಿದ ಬಳೆ, ತುಳಸಿ ಬಂದವು. ಇದ್ದಕ್ಕಿದ್ದಂತೆ ಮೋರಿಯ ಬಾಯಿಂದ ಕರಿಯ ನೀರು ಭಗ್ಗನೆ ನುಗ್ಗಿ ಅವಳ ಸೀರೆ ತೋಯಿಸಿತು.

"ನೀರಿಳೀತು! ಬಚ್ಚಲು ಖಾಲಿಯಾಯ್ತು ಕಣೋ ಅಳಸಿಂಗ!" ಎಂದು ಜಾನಕಮ್ಮನವರು ಒಳಗಿನಿಂದ ಕೂಗಿದರು.

"ನಾನು ಹೇಳಲಿಲ್ವೇ? ಬರೀ ಹೂಳು."

ಆಗಲೇ ನೆಲದಡಿಯಿಂದ ದೊಪ್ಪನೆ ಸದ್ದು ಬಂತು. ಏನೋ ಭಾರವಾದದ್ದು ಜಾರಿದ ಸದ್ದು. ಆಮೇಲೆ ಟಕ್ ಟಕ್ ಎಂದು ಬಡಿಯಲು ಶುರುವಾಯಿತು.

"ಬಡೀತಾವನೆ. ರಿಪೇರಿನೇ ಸ್ವಾಮಿ," ಎಂದ ಹನುಮಂತಯ್ಯ.

"ನೀರಿಳಿದ ಮೇಲೆ ಎಂಥ ರಿಪೇರಿ? ನಿನಗೆ ಕೂಲಿ ಆಗಲಿ ಅಂತ ನೀವಿಬ್ಬರೂ ಮಾತಾಡ್ಕೊಂಡಿದ್ದೀರೇನಯ್ಯ?"

"ನನ್ನ ಮಕ್ಕಳಾಣೆ ಇಲ್ಲ ಸ್ವಾಮಿ. ಆ ಹೊಲೆಯನ ತಾವ ನಂಗೇನು ಮಾತು?"

ಟಕ್ ಟಕ್ ನಿಲ್ಲಲಿಲ್ಲ. ಮರಿಯಮ್ಮ ಹಗ್ಗ ಜಗ್ಗಿ ನೋಡಿದಳು. ಅದು ಬಿಗಿದು ನಿಂತಿತ್ತು. ಮೋರಿಯೊಳಗೆ ತಲೆ ಹಾಕಿ ತಾನೂ ತೆವಳಿದಳು. ಕತ್ತಲಲ್ಲಿ ಕೈಯಾಡಿಸುತ್ತ ಹೋದಾಗ ಗಂಡನ ಹಿಮ್ಮಡಿ ಸಿಕ್ಕಿತು. ಅದರ ಮೇಲೆ, ಮೀನಖಂಡಕ್ಕೆ ಅಡ್ಡಲಾಗಿ, ಅವಳ ಎರಡು ಕೈ ಸೇರಿದರೂ ಅಲುಗದ ಕಲ್ಲು, ಸಂದಿಗಳಲ್ಲೆಲ್ಲ ಒತ್ತಿಕೊಂಡ ಹೂಳು. ಅದರಾಚೆಗೆ ಅವನು, ಇತ್ತ ಅವನ ಪಾದ.

"ಇಗಾ, ನಾನು ಕಣೇಳು," ಎಂದು ಪಿಸುಗುಟ್ಟಿದಳು.

ಹೆಬ್ಬೆರಳು ಮಿಸುಕಾಡಿತು. ಮಾತು ಬರಲಿಲ್ಲ. ಅವನು ಆಗ ಸರಿಯಾಗಿ ಅಡುಗೆಮನೆಯ ಕೆಳಗಿದ್ದ.

ಅವಳು ಹಿಮ್ಮುಖವಾಗಿ ತೆವಳಿ ಈಚೆಗೆ ಬಂದಳು. ಮೊಣಕೈ ಕಿತ್ತು ರಕ್ತ ಬರುತ್ತಿತ್ತು.

"ಬುದ್ದೀ, ಕಾಲಿನ್ ಮ್ಯಾಲೆ ಕಲ್ಲು ಬಿದ್ದೈತೆ. ಈಚೀಕೆ ಬರಾಕ್ಕಾಯ್ತಿಲ್ಲ. ನಿಮ್ ದಮ್ಮಯ್ಯ, ನೆಲ ತೆಗ್ಸಿ."

"ಮೆತ್ತಗೆ ಮಾತಾಡೇ! ಒಳಗೆ ಅಡುಗೆ ಆಗ್ತಿದೆ."

"ಮೆತ್ತಗೇ ಹೇಳ್ತಿದೀನಿ ಬುದ್ದಿ. ಅದ್ಕೇ ಬಡೀತಾವ್ರೆ, ಕೇಳ್ರಿ."

"ಬಡಿದ್ರೆ ರಿಪೇರಿ ಅಂತ ಹೇಳಿದ್ದು ನಾನು. ನೀನು ನನಗೆ ಅರ್ಥ ಹೇಳಿಕೊಡ್ತೀಯಾ?" ಶೇಕದಾರರ ದನಿಯಲ್ಲಿ ಸ್ವಲ್ಪ ಅನುಮಾನ ಇಣುಕಿತ್ತು. ಆದರೆ ಅವರ ಕಣ್ಣು ಬಿಸಿಲಿನ ಕಡೆಗೆ ಹೋಯಿತು. ಬ್ರಾಹ್ಮಣರು ಬರುವ ಹೊತ್ತು. "ಇರು. ರಿಪೇರಿನೋ ಹೂಳೋ ಈಗಲೇ ನೋಡಿಬಿಡೋಣ. ಅಮ್ಮ, ಬಚ್ಚಲಿಗೆ ಹಂಡೆ ನೀರು ಹುಯ್ಯಿ. ಸರಾಗವಾಗಿ ಹೋದ್ರೆ ಮೋರಿ ಸರಿಯಿದೆ ಅಂತ ಅರ್ಥ."

"ಅಯ್ಯೋ ಹುಯ್ಯಬ್ಯಾಡಿ! ಬುದ್ದೀ, ಒಳಗೆ ಜೀವ ಐತೆ!"

ಅವಳು ಕೂಗಿದ್ದಕ್ಕೆ ಶೇಕದಾರರು ಕೈಗೆ ಸಿಕ್ಕ ಕಲ್ಲೆಸೆದರು. ಅದು ಅವಳ ಭುಜಕ್ಕೆ ತಗುಲಿತು. ಒಳಗೆ ಹಂಡೆ ಬಗ್ಗಿಸಿದ ಸದ್ದು. ನೀರು ಗಳಗಳನೆ ಇಳಿಯಿತು.

"ಹೋಯ್ತು ಕಣೋ, ಪೂರ್ತಿ ಹೋಯ್ತು!" ಜಾನಕಮ್ಮನವರ ದನಿಯಲ್ಲಿ ಸಂತೋಷವಿತ್ತು.

ಮರಿಯಮ್ಮ ಮೋರಿಯ ಬಾಯನ್ನು ನೋಡುತ್ತಿದ್ದಳು. ಇತ್ತ ಒಂದು ತೊಟ್ಟೂ ಬರಲಿಲ್ಲ.

"ಬಂದಿಲ್ಲ ಬುದ್ದಿ, ನೀರು ಈಚೀಕೆ ಬಂದಿಲ್ಲ. ಒಳಗೇ ನಿಂತೈತೆ. ಏ ಹನುಮಂತಣ್ಣ, ನೀನಾದ್ರೂ ಹೇಳಪ್ಪ, ನಿನ್ ಕಾಲಿಗೆ ಬೀಳ್ತೀನಿ."

ಹನುಮಂತಯ್ಯ ಎಲೆಯಡಿಕೆ ಉಗಿದು ಎದ್ದು ನಿಂತ. ಮೋರಿಯ ಬಾಯನ್ನು ನೋಡಿದ, ಶೇಕದಾರರನ್ನು ನೋಡಿದ. "ಸ್ವಾಮಿ, ಒಂದು ಚಪ್ಪಡಿ ಎತ್ತಿದ್ರೆ…"

"ಬ್ರಾಹ್ಮಣರು ಉಂಡು ಎದ್ದ ಮೇಲೆ ಎತ್ತು. ಯಾರು ಬೇಡ ಅಂದರು?"

ಹನುಮಂತಯ್ಯ ಮತ್ತೆ ಕೂತ.

ನೆಲದಡಿಯ ಬಡಿತ ಜೋರಾಯಿತು. ಲೆಕ್ಕವಿಲ್ಲದೆ, ಬಿಡುವಿಲ್ಲದೆ, ಹುಚ್ಚು ಹಿಡಿದಂತೆ. ಒಲೆಯ ಮೇಲಿನ ಪಾತ್ರೆಯ ಮುಚ್ಚಳ ಅದುರುತ್ತಿದೆ ಎಂದು ಜಾನಕಮ್ಮನವರು ರೇಗಿದರು. ಆಮೇಲೆ ಬಡಿತ ನಿಧಾನವಾಯಿತು. ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವೆ ಕಾಯಬೇಕಾಯಿತು. ಕೊನೆಗೆ ಕಾದರೂ ಬರಲಿಲ್ಲ.

ಶೇಕದಾರರು ತಲೆ ಓರೆಮಾಡಿ ಕೇಳಿದರು. "ನಿಂತಿತು ನೋಡು. ಬಡಿತ ಇಲ್ಲ ಅಂದರೆ ಬರೀ ಹೂಳೇ. ನೀನು ಹೋಗಯ್ಯ ಹನುಮಂತ, ರಿಪೇರಿ ಏನೂ ಇಲ್ಲ."

ಅಷ್ಟೊತ್ತೂ ಓಣಿಯಲ್ಲಿ ಮಂಡಿಯೂರಿ ಬೇಡುತ್ತಿದ್ದ ಮರಿಯಮ್ಮ ಎದ್ದಳು. ಹಿತ್ತಿಲ ಬಾಗಿಲು ದಾಟಿದಳು. ಅವಳ ಅತ್ತೆಯಾಗಲಿ, ಅತ್ತೆಯ ಅತ್ತೆಯಾಗಲಿ ದಾಟಿದ ಬಾಗಿಲಲ್ಲ ಅದು. ಗೋಡೆಗೆ ಒರಗಿದ್ದ ಹಾರೆಯನ್ನು ಎತ್ತಿಕೊಂಡಳು.

"ಏಯ್! ಏಯ್, ಎಲ್ಲಿಗೇ! ಹಿಡಿಯೋ ಅವಳನ್ನ, ಹನುಮಂತ!"

ಹನುಮಂತಯ್ಯ ಅಡ್ಡ ಬಂದವನು ಅವಳ ಮೈತುಂಬ ಇದ್ದ ಕೊಚ್ಚೆ ನೋಡಿ ಹಿಂದೆ ಸರಿದ. ಹಿಂದಕ್ಕೆ ಹೋಗಿದ್ದ ಶೇಕದಾರರು ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಕೈ ಚಾಚಿದರು. ಅವಳು ನಿಲ್ಲದೆ ನಡೆದುಕೊಂಡೇ ಬಂದಳು. ಇನ್ನೇನು ಮೈಗೆ ತಗುಲಬೇಕು ಅನ್ನುವಾಗ ಅವರು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟರು. ಹುಟ್ಟಿದಾಗಿನಿಂದ ಎಲ್ಲರಿಗೂ ಓಣಿಯಲ್ಲಿ ಸರಿದು ದಾರಿ ಬಿಟ್ಟವಳಿಗೆ ಅವತ್ತು ಆ ಮನೆ ಪೂರಾ ಸರಿದು ದಾರಿ ಬಿಟ್ಟಿತು.

ಅಡುಗೆಮನೆಯಲ್ಲಿ ಜಾನಕಮ್ಮನವರು ಚೀರಿಕೊಂಡು ಮೂಲೆ ಸೇರಿದರು. ಮರಿಯಮ್ಮ ಒಲೆಯ ಪಕ್ಕ ಕೂತು ಚಪ್ಪಡಿಗೆ ಕಿವಿಯಿಟ್ಟಳು. ಕಲ್ಲು ಒಲೆಯ ಕಾವಿಗೆ ಬೆಚ್ಚಗಿತ್ತು. ಕೆಳಗೆ ಏನೂ ಕೇಳಲಿಲ್ಲ.

ಒಲೆಯ ಮೇಲಿನ ಪಾತ್ರೆಯನ್ನು ಕಾಲಿಂದ ಒದ್ದಳು. ತಿಥಿಯ ಅನ್ನ ನೆಲದ ತುಂಬ ಚೆಲ್ಲಿತು. ಚಪ್ಪಡಿಯ ಸಂದಿಗೆ ಹಾರೆ ಇಟ್ಟು ಮೀಟಿದಳು. ಗಾರೆ ಬಿಟ್ಟುಕೊಂಡಿತು, ಕಲ್ಲು ಅಲುಗಲಿಲ್ಲ. ಮತ್ತೆ ಮೀಟಿದಳು. ಒಂದು ಮೂಲೆ ಒಡೆದು, ಕೈ ತೂರುವಷ್ಟು ಕಿಂಡಿಯಾಯಿತು. ಅದರಿಂದ ಕೊಚ್ಚೆಯ ನಾತ ಮೇಲೆದ್ದಿತು.

ಇಷ್ಟು ವರ್ಷದ ಸಂಸಾರದಲ್ಲಿ ಒಮ್ಮೆಯೂ ಬಾಯಿಬಿಟ್ಟು ಹೇಳದಿದ್ದ ಗಂಡನ ಹೆಸರನ್ನು ಅವಳು ಆ ಕಿಂಡಿಗೆ ಬಾಯಿಟ್ಟು ಕೂಗಿದಳು.

"ಕೆಂಚಯ್ಯಾ! ನಾನು ಕಣೋ, ಮರಿ. ಅಡುಗೇಮನೇಗೇ ಬಂದುಬಿಟ್ಟಿವ್ನಿ. ಎಲ್ಲಾ ಮೈಲಿಗೆ ಆಗೋಯ್ತು. ಅನ್ನಾನೂ ಚೆಲ್ಲಾಯ್ತು. ಇನ್ನು ಮಾತಾಡಬೌದು. ಟವಲ್ ತಗ್ದು ಮಾತಾಡು."

ಹೊರಗೆ ಶೇಕದಾರರು ಯಾರನ್ನೋ ಪೋಲೀಸರನ್ನು ಕರೆತರಲು ಅಟ್ಟುತ್ತಿದ್ದರು. ಮೂಲೆಯಲ್ಲಿ ಮುದುಕಿ ಅಳುತ್ತಿದ್ದಳು.

"ಮಾತಾಡೋ. ಕೆಮ್ಮಾದ್ರೂ ಕೆಮ್ಮು."

ಕಿಂಡಿಯೊಳಗೆ ಕೈ ಬಿಟ್ಟಳು. ಮೊಣಕೈಯವರೆಗೂ ನೀರು ತಾಗಿತು. ಅವಳು ಕೈ ಈಚೆಗೆ ತೆಗೆದು, ಎದ್ದು ನಿಂತು, ಹಾರೆ ಎತ್ತಿದಳು.